ಉಳವಿಯ ದಾರಿ, ಪ್ಲಿಮತ್ತಿನ ದಂಡೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಇಂಗ್ಲೆಂಡಿನಲ್ಲಿ ‘ಪ್ಯೂರಿಟನ್’ ಎಂಬ ಮಾತು ಹುಟ್ಟಿದ್ದು ಹೀಯಾಳಿಕೆಯಾಗಿ. ಒಂದನೆಯ ಎಲಿಜಬೆತ್ ರಾಣಿಯ ಆಳಿಕೆಯಲ್ಲಿ, 1560ರ ದಶಕದಲ್ಲಿ, ರಾಜಮನ್ನಣೆಯ ಚರ್ಚಿನೊಳಗೆ ಉಳಿದುಕೊಂಡಿದ್ದ ಪಾದ್ರಿಗಳ ಆಡಂಬರದ ಉಡುಪು, ಶಿಲುಬೆಯ ಸನ್ನೆ, ಮಂಡಿಯೂರುವ ವಿಧಿ ಇವನ್ನೆಲ್ಲ ತೊಳೆದು ಹಾಕಬೇಕೆಂದು ಹಟ ಹಿಡಿದವರಿಗೆ ಅವರ ವಿರೋಧಿಗಳು ಇಟ್ಟ ಅಡ್ಡಹೆಸರು ಅದು. ಕನ್ನಡದಲ್ಲಿ ಇದನ್ನು ‘ಮಡಿವಂತ’ ಎಂದು ಹೇಳುವವರುಂಟು. ನನಗೆ ಅದು ಒಪ್ಪಿಗೆಯಾಗದು. ನಮ್ಮ ಮಡಿಯಲ್ಲಿ ಇನ್ನೊಬ್ಬನ ಮೈಯಿಂದ ದೂರ ಸರಿಯುವ ಭಾವವಿದೆ. ಆ ಜನ ದೂರ ಸರಿದದ್ದು ಅರಸನಿಂದ, ಪುರೋಹಿತನಿಂದ, ವಿಗ್ರಹದಿಂದ. ಈ ಮೂರನ್ನೂ ಬಿಟ್ಟು ನಡೆದ ಇನ್ನೊಂದು ಸಮುದಾಯ ಅವರಿಗಿಂತ ನಾಲ್ಕೂವರೆ ಶತಮಾನ ಮೊದಲು ಕನ್ನಡ ನೆಲದಲ್ಲಿತ್ತು. ಕಲ್ಯಾಣದ ಶರಣರ ಮಾತನ್ನು ಹೇಳುತ್ತಿದ್ದೇನೆಂದು ಶ್ರೋತೃಗಳು ಆಗಲೇ ಊಹಿಸಿರಬೇಕು.

ಈ ಎರಡು ಸಮುದಾಯಗಳನ್ನು ಎದುರುಬದುರಾಗಿ ಇಟ್ಟು ನೋಡುವುದರಲ್ಲಿ ನಾನು ಮೊದಲಿಗನೇನೂ ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪ್ಯೂರಿಟನ್ನರ ದುಡಿಮೆಯ ನೀತಿಯನ್ನು ಕುರಿತು 1904-05ರಲ್ಲಿ ಬರೆದವನು, 1916ರಲ್ಲಿ ಭಾರತದ ಧರ್ಮಗಳನ್ನು ಕುರಿತು ಬರೆಯುವಾಗ ಲಿಂಗಾಯತರ ಜಾತಿವಿರೋಧವನ್ನೂ ಪ್ರಸ್ತಾಪಿಸಿದ. ನಮ್ಮವರೇ ಆದ ಎ.ಕೆ. ರಾಮಾನುಜನ್ 1973ರಲ್ಲಿ ಪ್ರಕಟವಾದ ತಮ್ಮ ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆಯಲ್ಲಿ ವಚನಕಾರರ ಚಳವಳಿಯನ್ನು ಯುರೋಪಿನ ಪ್ರಾಟೆಸ್ಟೆಂಟ್ ಪಂಥಗಳೊಡನೆ ತೂಗಿ ನೋಡಿದರು. ಆದರೆ ಇಂಥ ಹೋಲಿಕೆಗಳು ಬಹುಮಟ್ಟಿಗೆ ತತ್ತ್ವದ ಮಟ್ಟದಲ್ಲಿಯೇ ನಿಲ್ಲುತ್ತವೆ. ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟ ಮರುದಿನ ಆ ತತ್ತ್ವಕ್ಕೆ ಏನಾಯಿತು, ಹಸಿವೆಯಲ್ಲಿ ಏನಾಯಿತು, ಮೊಮ್ಮಕ್ಕಳ ಕಾಲಕ್ಕೆ ಏನಾಯಿತು ಎಂಬುದು ಇಂದಿನ ನನ್ನ ವಿಷಯ.

ಮೊದಲು ಕಡಲಿನ ಕಥೆ. ಇಂಗ್ಲೆಂಡಿನ ಸ್ಕ್ರೂಬಿ ಎಂಬ ಹಳ್ಳಿಯ ಸುತ್ತಿನ ಒಂದು ಸಣ್ಣ ಗುಂಪು ಪ್ಯೂರಿಟನ್ನರಲ್ಲಿಯೇ ತೀವ್ರವಾದುದು. ರಾಜಚರ್ಚನ್ನು ಒಳಗಿನಿಂದ ತಿದ್ದುವುದು ಸಾಧ್ಯವಿಲ್ಲ, ಬಿಟ್ಟು ಹೊರಡಬೇಕು ಎಂಬುದು ಅವರ ನಿಲುವು. 1608ರ ಸುಮಾರಿಗೆ ಅವರು ಹಾಲೆಂಡಿಗೆ ಓಡಿಹೋದರು. ಮರುವರುಷ ಲೈಡನ್ ಪಟ್ಟಣ ಸೇರಿದರು. ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು ಅಲ್ಲಿ ನೂಲಿನ, ನೆಯ್ಗೆಯ ಕೆಲಸಕ್ಕೆ ಬಿದ್ದರು. ಅಲ್ಲಿ ಪೂಜೆಗೆ ಯಾರೂ ಅಡ್ಡಿ ಮಾಡಲಿಲ್ಲ. ಆದರೂ ಹನ್ನೊಂದು ಹನ್ನೆರಡು ವರುಷಗಳ ಮೇಲೆ ಅಲ್ಲಿಂದಲೂ ಎದ್ದರು. ಏಕೆಂದರೆ ದುಡಿತದ ಭಾರಕ್ಕೆ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ಬಾಗುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ಡಚ್ಚರ ಮಕ್ಕಳಂತೆ ಆಗುತ್ತಿದ್ದರು. ಮಕ್ಕಳ ಚಿಂತೆ ಈ ಕಥೆಯಲ್ಲಿ ಮುಂದೆಯೂ ಬರುತ್ತದೆ, ನೆನಪಿನಲ್ಲಿರಲಿ.

1620ರಲ್ಲಿ ಲಂಡನ್ನಿನ ವ್ಯಾಪಾರಿಗಳಿಂದ ಸಾಲ ಎತ್ತಿ ಎರಡು ಹಡಗುಗಳನ್ನು ಗೊತ್ತುಮಾಡಿದರು. ಬಂದರಿನ ಬಾಕಿ ತೀರಿಸಲು ದಾರಿಗೆಂದು ಇಟ್ಟಿದ್ದ ಬೆಣ್ಣೆಯ ಪೀಪಾಯಿಗಳನ್ನೇ ಮಾರಬೇಕಾಯಿತು. ಎರಡನೆಯ ಹಡಗು ಸೋರಿ ಎರಡು ಸಲ ಹಿಂದಿರುಗಿತು. ಕೊನೆಗೆ ಸೆಪ್ಟೆಂಬರಿನಲ್ಲಿ, ಹೊರಡಬಾರದ ಋತುವಿನಲ್ಲಿ, ‘ಮೇಫ್ಲವರ್’ ಒಂದೇ 102 ಜನರನ್ನು ತುಂಬಿಕೊಂಡು ಹೊರಟಿತು. ಅವರಲ್ಲಿ ಧರ್ಮಕ್ಕಾಗಿ ಹೊರಟವರು ಹೆಚ್ಚುಕಡಿಮೆ ಅರ್ಧ. ಉಳಿದವರು ಬದುಕು ಹುಡುಕಿ ಹೊರಟವರು. 66 ದಿನ ಕಡಲ ಮೇಲೆ ಕಳೆದು ನವೆಂಬರಿನಲ್ಲಿ ಅವರು ಅಮೆರಿಕದ ದಂಡೆ ಕಂಡಾಗ ಅಲ್ಲಿ ಹಿಮ ಬೀಳುವ ಹೊತ್ತು. ಮನೆಯಿಲ್ಲ, ಬೆಳೆಯಿಲ್ಲ. ಅವರ ಮುಂದಾಳಾಗಿ ಮುಂದೆ ಮೂವತ್ತು ವರುಷ ವಸಾಹತನ್ನು ನಡೆಸಿದ ವಿಲಿಯಂ ಬ್ರಾಡ್‌ಫರ್ಡ್ ದಂಡೆಯ ನೆಲೆ ನೋಡಲು ಸಣ್ಣ ದೋಣಿಯಲ್ಲಿ ಹೋಗಿ ಮರಳುವಷ್ಟರಲ್ಲಿ ಅವನ ಹೆಂಡತಿ ಡೊರೊತಿ ಹಡಗಿನಿಂದ ನೀರಿಗೆ ಬಿದ್ದು ತೀರಿಕೊಂಡಿದ್ದಳು. ತಾನು ಬರೆದ ದೀರ್ಘ ಇತಿಹಾಸದಲ್ಲಿ ಆತ ಈ ಸಾವಿನ ಕಥೆಯನ್ನು ಹೇಳಲಿಲ್ಲ. ಆ ಮೌನವನ್ನು ಓದುವುದು ಹೇಗೆಂದು ಅಮೆರಿಕದ ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ.

ಆ ಚಳಿಗಾಲದಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಸತ್ತರು. ರೋಗ ಬಲವಾಗಿದ್ದ ದಿನಗಳಲ್ಲಿ ಎದ್ದು ಓಡಾಡುವ ಶಕ್ತಿಯಿದ್ದವರು ಆರೇಳು ಮಂದಿ. ಅವರೇ ಕಟ್ಟಿಗೆ ತಂದು, ಬೆಂಕಿ ಮಾಡಿ, ಉಳಿದವರ ಹೊಲಸು ಬಟ್ಟೆ ಒಗೆದರು. ಬಂದ 18 ಮಂದಿ ವಿವಾಹಿತ ಸ್ತ್ರೀಯರಲ್ಲಿ ಮುಂದಿನ ಸುಗ್ಗಿಯನ್ನು ಕಂಡವರು ನಾಲ್ಕೈದು ಮಂದಿ. ತಾಯಂದಿರು ತಮ್ಮ ಪಾಲನ್ನು ಮಕ್ಕಳಿಗೆ ಕೊಟ್ಟಿದ್ದಿರಬೇಕು ಎಂದು ಊಹಿಸಲು ಆಧಾರವಿದೆ. ಹುಡುಗಿಯರಲ್ಲಿ ಹೆಚ್ಚಿನವರು ಬದುಕಿ ಉಳಿದರು. ಇಷ್ಟಾದರೂ ವಸಂತದಲ್ಲಿ ಮೇಫ್ಲವರ್ ಇಂಗ್ಲೆಂಡಿಗೆ ಮರಳುವಾಗ ಅವರಲ್ಲಿ ಒಬ್ಬರೂ ಹಡಗು ಹತ್ತಲಿಲ್ಲ. ಲಂಡನ್ನಿನ ಸಾಲ ಪೂರ್ತಿ ತೀರಿದ್ದು 1648ರಲ್ಲಿ.

ಇನ್ನು ನಮ್ಮ ಕಥೆ. ಇಲ್ಲಿ ಬ್ರಾಡ್‌ಫರ್ಡನಂಥ ದಿನಚರಿಕಾರನಿಲ್ಲ. ಕಲಚುರಿ ಬಿಜ್ಜಳನು 1162ರ ಸುಮಾರಿಗೆ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡದ್ದು, 1167-68ರ ಹೊತ್ತಿಗೆ ಅವನ ಆಳಿಕೆ ಮುಗಿದದ್ದು, 1180ರ ದಶಕದಲ್ಲಿ ಚಾಲುಕ್ಯ ಸೋಮೇಶ್ವರ ಕೆಲಕಾಲ ಮರಳಿ ಬಂದದ್ದು ಶಾಸನಗಳಿಂದ ತಿಳಿಯುವ ಸಂಗತಿ. ಶರಣರ ಮೇಲೆ ಬಿದ್ದ ಆಪತ್ತನ್ನು ಹೇಳುವವು ಪುರಾಣಗಳು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ನಡೆದ ಬೀಗತನ, ಅದಕ್ಕಾಗಿ ಇಬ್ಬರೂ ತಂದೆಯರಿಗೆ ಆದ ಘೋರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದರುವಿಕೆ ಎಂಬುದು ಅವು ಕಟ್ಟಿಕೊಡುವ ಸರಪಳಿ. ಎಲ್ಲ ಪುರಾಣಗಳಲ್ಲಿಯೂ ಅದರ ಕೊಂಡಿಗಳು ಒಂದೇ ರೀತಿಯಲ್ಲಿಲ್ಲ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ಹೇಳುವ ರೀತಿ ಬೇರೆ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣದ ರೀತಿ ಬೇರೆ. ನಾಲ್ಕು ನೂರು ವರುಷ ಜನರ ಬಾಯಲ್ಲಿ ಹರಿದಾಡಿದ ಕಥೆ ಬೆಳೆಯದೆ ಇರುವುದುಂಟೆ?

ಆದರೆ ಪುರಾಣದ ಜೊತೆಗೆ ನಮಗೆ ಇನ್ನೊಂದು ಗ್ರಂಥವಿದೆ. ಅದು ನಮ್ಮ ಬೆಳಗಾವಿ ಸೀಮೆಯ ನಕಾಶೆ. ಕಲ್ಯಾಣದಿಂದ ಉಳವಿಗೆ ನೇರ ಗೆರೆ ಎಳೆದರೂ ಸುಮಾರು 400 ಕಿಲೋಮೀಟರು. ಚೆನ್ನಬಸವಣ್ಣನ ನೇತೃತ್ವದಲ್ಲಿ ಒಂದು ದಂಡು ಈ ದಾರಿಯನ್ನು ಹಿಡಿಯಿತೆಂದು ಪರಂಪರೆ. ಆ ದಾರಿ ಮಲಪ್ರಭೆಯ ಬಯಲಿಗೆ ಬಂದೊಡನೆ ಊರೂರಿಗೆ ಒಂದೊಂದು ನೆನಪು ತೂಗಿಕೊಂಡಿದೆ. ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯಕ್ಕೂ ಶರಣರಿಗೂ ಕಾಳಗವಾಯಿತೆನ್ನುತ್ತಾರೆ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ನದಿಯ ಪಾತ್ರದಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ತೊಗಲು ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯ ಹೋರಾಡಿ ಮಡಿದನೆಂದು ಆ ಊರಿನ ಹೆಸರನ್ನೇ ಸಾಕ್ಷಿಗೆ ಕರೆಯುತ್ತಾರೆ. ಬಸವಣ್ಣ ಕೂಡಲಸಂಗಮಕ್ಕೆ, ನೀಲಾಂಬಿಕೆ ತಂಗಡಗಿಗೆ, ಉಳಿದವರು ಉಳವಿಯ ಅಡವಿಗೆ. ಇವುಗಳಲ್ಲಿ ಒಂದೊಂದನ್ನು ಬಿಡಿಯಾಗಿ ತೆಗೆದುಕೊಂಡರೆ ಇತಿಹಾಸಕಾರನು ತಲೆಯಾಡಿಸಬಹುದು. ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಸೋತವರು, ಗಾಯಗೊಂಡವರು, ಹಿಂದೆ ಉಳಿದವರು ನಡೆದ ದಾರಿಯೊಂದು ಕಣ್ಣಿಗೆ ಕಟ್ಟುತ್ತದೆ. ಅರಸರ ವಿಜಯಯಾತ್ರೆಯಾಗಿದ್ದರೆ ಆ ದಾರಿಯಲ್ಲಿ ಗೆದ್ದುದಕ್ಕೆ ಕಲ್ಲು ನಿಲ್ಲುತ್ತಿದ್ದವು. ಇಲ್ಲಿ ನಿಂತಿರುವುದು ಸತ್ತವರ ಗದ್ದುಗೆಗಳು.

ಕಲ್ಲಿನ ಸಾಕ್ಷ್ಯವೂ ಇಲ್ಲದಿಲ್ಲ. ನನ್ನ ಹುಟ್ಟೂರು ಗೋಕಾಕ ಸೀಮೆಯ ಮಮದಾಪುರ. ಅಲ್ಲಿಂದ ಬಹಳ ದೂರವಲ್ಲದ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಯಾದವ ಅರಸ ಕನ್ನರನ ಕಾಲದ, 1260ರ ಒಂದು ಶಾಸನವಿದೆ. ಬಾಗೇವಾಡಿ, ಮಾದಿರಾಜ, ಬಸವಣ್ಣ ಎಂಬ ಹೆಸರುಗಳು ಅದರಲ್ಲಿ ಒಟ್ಟಿಗೆ ಬರುತ್ತವೆ. ಬಸವಣ್ಣನು ಕಾವ್ಯದ ಕಲ್ಪನೆಯೆಂದು ಯಾರಾದರೂ ಹೇಳಬಂದರೆ ಅವರ ಮುಂದೆ ಇಡಬಹುದಾದ ಸಾಕ್ಷ್ಯಗಳಲ್ಲಿ ಇದು ಮುಖ್ಯವಾದುದು. ಕಲ್ಯಾಣ ಚದರಿ ಒಂದು ಶತಮಾನವೂ ತುಂಬದ ಮುನ್ನ ಘಟಪ್ರಭೆಯ ಸೀಮೆಯಲ್ಲಿ ಆ ಮನೆತನದ ನೆನಪು ಕಲ್ಲಿಗೇರುವಷ್ಟು ಗಟ್ಟಿಯಾಗಿತ್ತೆಂಬುದು ಸಣ್ಣ ಮಾತಲ್ಲ.

ಬಯಲುಸೀಮೆಯಲ್ಲಿ ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಉಳವಿಯ ಅಡವಿ ಎಂಥದಿದ್ದೀತು! ತಿಂಗಳುಗಟ್ಟಲೆ ಬಿಡದ ಮಳೆ, ಇಂಬಳ, ಚಳಿಜ್ವರ, ಬೆಳಕು ನೆಲಕ್ಕೆ ಬೀಳದ ಕಾಡು. ಇಂದು ಜೋಯಿಡಾ ತಾಲೂಕಿನಲ್ಲಿರುವ ಆ ಊರಿಗೆ ಹೋದವರು ಸುತ್ತಲಿನ ಗವಿಗಳನ್ನು ನೋಡಿರಬಹುದು. ಅವುಗಳಲ್ಲಿ ಒಂದು ಅಕ್ಕನಾಗಮ್ಮನ ಗವಿ, ಇನ್ನೊಂದಕ್ಕೆ ಮಹಾಮನೆ ಗವಿ ಎಂದು ಹೆಸರು. ಮಹಾಮನೆ ಎಂದರೆ ಕಲ್ಯಾಣದಲ್ಲಿ ಬಸವಣ್ಣನ ಮನೆ. ಜಾತಿ ಕೇಳದೆ ಅನ್ನವಿಕ್ಕಿದ ಮನೆ. ಆ ಹೆಸರು ಒಂದು ಗವಿಗೆ ಅಂಟಿಕೊಂಡಿದೆ. 1630ರಲ್ಲಿ ಜಾನ್ ವಿನ್‌ಥ್ರಪ್ಪನ ಮುಂದಾಳುತನದಲ್ಲಿ ಸುಮಾರು ಸಾವಿರ ಪ್ಯೂರಿಟನ್ನರು ಅಮೆರಿಕಕ್ಕೆ ಬಂದಿಳಿದಾಗ ತಮ್ಮ ಗುಡಿಸಲುಗಳ ಊರಿಗೆ ಇಂಗ್ಲೆಂಡಿನ ತಮ್ಮ ಸೀಮೆಯ ಬಾಸ್ಟನ್ ಎಂಬ ಹೆಸರನ್ನೇ ಇಟ್ಟರು. ಅವರಲ್ಲಿಯೂ ಮೊದಲ ವರುಷದೊಳಗೆ ಇನ್ನೂರರಷ್ಟು ಜನ ಸತ್ತರು. ಮನೆ ಕಳೆದುಕೊಂಡವರು ಮನೆಯ ಹೆಸರನ್ನಾದರೂ ಹೊತ್ತು ತರುತ್ತಾರೆ.

ಹೊತ್ತು ತರುವ ಮಾತು ಬಂದುದರಿಂದ ನಂಬಿಕೆಗಳ ವಿಚಾರಕ್ಕೆ ಬರುತ್ತೇನೆ. ಊರು ಬಿಟ್ಟವನಿಗೆ ಗುಡಿಯನ್ನು ಹೊತ್ತೊಯ್ಯಲು ಬಾರದು. ಈ ಎರಡೂ ಸಮುದಾಯಗಳು ಬದುಕಿ ಉಳಿದುದಕ್ಕೆ ಒಂದು ಕಾರಣ ಅವುಗಳ ದೇವರು ಸ್ಥಾವರನಾಗಿರಲಿಲ್ಲ ಎಂಬುದು. ಪ್ಯೂರಿಟನ್ನರ ಗಂಟಿನಲ್ಲಿ ಜಿನೀವದಲ್ಲಿ 1560ರಲ್ಲಿ ಅಚ್ಚಾದ ಬೈಬಲ್ ಇತ್ತು. ಕೈಯಲ್ಲಿ ಹಿಡಿಯಬಹುದಾದ, ಪಾದ್ರಿಯ ಹಂಗಿಲ್ಲದೆ ಮನೆಯ ಯಜಮಾನನು ಮಕ್ಕಳನ್ನು ಕೂಡಿಸಿಕೊಂಡು ಓದಬಹುದಾದ ಪುಸ್ತಕ. ಶರಣರ ಕೊರಳಲ್ಲಿ ಇಷ್ಟಲಿಂಗವಿತ್ತು. ಅದಕ್ಕೆ ಗುಡಿ ಬೇಡ, ಪೂಜಾರಿ ಬೇಡ, ಮುಹೂರ್ತ ಬೇಡ. ಓಡುವ ದಾರಿಯಲ್ಲಿ ಒಂದು ಮರದ ನೆರಳು, ಒಂದು ಬೊಗಸೆ ನೀರು ಸಾಕು. ಇದನ್ನು ನಾವು ತತ್ತ್ವವಾಗಿ ಎಷ್ಟೋ ಸಲ ಬಣ್ಣಿಸಿದ್ದೇವೆ. ದೇಶಾಂತರ ಹೋಗುವವನ ಕಷ್ಟದ ಕಣ್ಣಿನಿಂದ ನೋಡಿದಾಗ ಅದರ ಇನ್ನೊಂದು ಬೆಲೆ ತಿಳಿಯುತ್ತದೆ.

ಕಷ್ಟವನ್ನು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ ಮಾತ್ರ ಇಬ್ಬರಿಗೂ ಬಹಳ ಅಂತರ. ಪ್ಯೂರಿಟನ್ನನ ಪಾಲಿಗೆ ಜಗತ್ತಿನಲ್ಲಿ ಆಕಸ್ಮಿಕ ಎಂಬುದೇ ಇಲ್ಲ. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ. ಮನುಷ್ಯನು ಮಾಡಬಹುದಾದದ್ದು ತಾನು ಆಯ್ಕೆಯಾದವನೋ ಅಲ್ಲವೋ ಎಂದು ಗುರುತುಗಳನ್ನು ಹುಡುಕುವುದು. ಹಡಗಿನಲ್ಲಿ ರೋಗಿಗಳನ್ನು ಶಪಿಸುತ್ತಿದ್ದ ತರುಣ ನಾವಿಕನೊಬ್ಬ ತಾನೇ ಮೊದಲು ಸತ್ತರೆ ಅದು ದೇವರ ಕೈ. ಬಿರುಗಾಳಿಯಲ್ಲಿ ಕಡಲಿಗೆ ಬಿದ್ದ ಜಾನ್ ಹೌಲೆಂಡ್ ಎಂಬವನ ಕೈಗೆ ಹಗ್ಗವೊಂದು ಸಿಕ್ಕಿ ಮೇಲೆ ಬಂದರೆ ಅದೂ ದೇವರ ಕೈ. ಈ ನಂಬಿಕೆ ಕಷ್ಟಕಾಲದಲ್ಲಿ ಬೆನ್ನೆಲುಬಾಗುತ್ತದೆ, ನಿಜ. ಆದರೆ ಅದೇ ನಂಬಿಕೆ ನೆರೆಯವನ ರೋಗದಲ್ಲಿಯೂ ಹಸು ಸತ್ತುದರಲ್ಲಿಯೂ ಗುರುತು ಹುಡುಕಲು ಕಲಿಸುತ್ತದೆ. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾರರೆಂದು 19 ಜನರನ್ನು ಗಲ್ಲಿಗೇರಿಸಿದ್ದು ಈ ಹುಡುಕಾಟದ ವಿಪರೀತ. ವಚನಗಳಲ್ಲಿ ಗುರುತು ಹುಡುಕುವ ಈ ಚಟ ಕಡಿಮೆ. ಪವಾಡಗಳು ತುಂಬಿದ್ದು ಆಮೇಲಿನ ಪುರಾಣಗಳಲ್ಲಿ. ವಚನಕಾರನು ಪರೀಕ್ಷಿಸುವುದು ತನ್ನ ನಡೆಯನ್ನು, ದೇವರ ಸಂಕೇತಗಳನ್ನಲ್ಲ.

ದುಡಿಮೆಯ ವಿಷಯದಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ, ಬಂದು ಮತ್ತೆ ಬೇರೆಯಾಗುತ್ತಾರೆ. ದೈವವು ಪ್ರತಿಯೊಬ್ಬನನ್ನು ಒಂದು ವೃತ್ತಿಗೆ ಕರೆದಿದೆ, ಅದನ್ನು ಶ್ರದ್ಧೆಯಿಂದ ಮಾಡುವುದೇ ಪೂಜೆ ಎಂಬ ಪ್ಯೂರಿಟನ್ ಭಾವವನ್ನು ಕಾಯಕದೊಡನೆ ಹೋಲಿಸದೆ ಇರುವುದು ಅಸಾಧ್ಯ. ಆದರೆ ಪ್ಲಿಮತ್ತಿನಲ್ಲಿ ನಡೆದ ಒಂದು ಸಂಗತಿ ಕೇಳಿ. ಸಾಲದ ಕರಾರಿನಂತೆ ಮೊದಲು ಅಲ್ಲಿ ಎಲ್ಲರ ಹೊಲವೂ ಒಂದೇ, ಕಣಜವೂ ಒಂದೇ. ಕಂಡವರ ಹೆಂಡಿರು ಮಕ್ಕಳಿಗಾಗಿ ಪುಗಸಟ್ಟೆ ದುಡಿಯಬೇಕೆ ಎಂದು ತರುಣರು ಗೊಣಗಿದರು. ಪರರ ಗಂಡಸರ ಬಟ್ಟೆ ಒಗೆಯುವುದೆಂದರೆ ಜೀತವೆಂದು ಹೆಂಗಸರು ಸಿಟ್ಟಾದರು. 1623ರಲ್ಲಿ ಬ್ರಾಡ್‌ಫರ್ಡ್ ಆ ಪದ್ಧತಿಯನ್ನು ಮುರಿದು ಮನೆಗೊಂದು ತುಂಡು ನೆಲ ಹಂಚಿದ. ಹೆಂಗಸರೂ ಎಳೆಮಕ್ಕಳನ್ನು ಕಟ್ಟಿಕೊಂಡು ತಾವಾಗಿಯೇ ಬಿತ್ತನೆಗೆ ನಡೆದರು, ಬೆಳೆ ಹೆಚ್ಚಿತು. ಇದರ ಪಕ್ಕದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನಿಲ್ಲಿಸಿ ನೋಡಿರಿ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಅದು ಅತಿಯಾಸೆಯೆಂದು, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ತಿರುಗಿ ಕಳಿಸಿದಳು. ಪ್ಲಿಮತ್ತಿನವರು ಸುಳ್ಳರಲ್ಲ, ಸೋಮಾರಿಗಳಲ್ಲ; ಹಸಿದವರು. ಮನುಷ್ಯಸ್ವಭಾವವನ್ನು ಅರಿತು ಬ್ರಾಡ್‌ಫರ್ಡ್ ಬುದ್ಧಿವಂತ ಆಡಳಿತಗಾರನಂತೆ ನಡೆದ. ಲಕ್ಕಮ್ಮ ಆ ಸ್ವಭಾವದೊಡನೆ ರಾಜಿಯಾಗಲು ಒಪ್ಪಲಿಲ್ಲ. ಒಂದು ಊರನ್ನು ಕಟ್ಟಿ ನಿಲ್ಲಿಸಲು ಯಾವುದು ತಕ್ಕುದು ಎಂದು ಕೇಳಿದರೆ ನಾನೂ ಬ್ರಾಡ್‌ಫರ್ಡನ ಕಡೆಗೇ ಕೈಯೆತ್ತಬೇಕಾದೀತು. ಆದರೂ ಎಂಟು ನೂರು ವರುಷಗಳ ಮೇಲೆ ಮನಸ್ಸನ್ನು ಕಾಡುವವಳು ಲಕ್ಕಮ್ಮ.

ಹೆಣ್ಣುಮಕ್ಕಳ ಮಾತು ಬಂತು. ವಚನ ಬರೆದ ಸ್ತ್ರೀಯರು ಮೂವತ್ತಕ್ಕೂ ಹೆಚ್ಚು. ಅವರಲ್ಲಿ ನೂಲುವವಳಿದ್ದಾಳೆ, ಅಂಗಳ ಗುಡಿಸುವವಳಿದ್ದಾಳೆ, ಸೂಳೆ ಸಂಕವ್ವೆಯಿದ್ದಾಳೆ. ನ್ಯೂ ಇಂಗ್ಲೆಂಡಿನಲ್ಲಿ ಆನ್ ಬ್ರಾಡ್‌ಸ್ಟ್ರೀಟ್ ಎಂಟು ಮಕ್ಕಳ ತಾಯಿ; ಅವಳ ಕವಿತೆಗಳು 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಆನ್ ಹಚಿನ್‌ಸನ್ ಎಂಬವಳು ತನ್ನ ಮನೆಯಲ್ಲಿ ಸ್ತ್ರೀಪುರುಷರನ್ನು ಸೇರಿಸಿ ಪಾದ್ರಿಗಳ ಉಪದೇಶವನ್ನು ವಿಮರ್ಶಿಸಿದ್ದಕ್ಕೆ 1637ರಲ್ಲಿ ವಿಚಾರಣೆ, ಮರುವರುಷ ಬಹಿಷ್ಕಾರ. ಅರಸನ ಚರ್ಚು ತಮ್ಮ ಆತ್ಮಸಾಕ್ಷಿಯ ಮೇಲೆ ಕೈಯಿಟ್ಟಿತೆಂದು ಕಡಲು ದಾಟಿದವರು ತಮ್ಮ ಕೈಗೆ ಅಧಿಕಾರ ಬಂದು ಏಳು ವರುಷ ತುಂಬುವಷ್ಟರಲ್ಲಿ ಇನ್ನೊಬ್ಬಳ ಆತ್ಮಸಾಕ್ಷಿಯ ಮೇಲೆ ಕೈಯಿಟ್ಟರು. 1660ರಲ್ಲಿ ಬಾಸ್ಟನ್ನಿನಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಸ್ತ್ರೀಯನ್ನು ಗಲ್ಲಿಗೇರಿಸಿದರು. ಶರಣರು ಹಾಗೆ ಮಾಡಲಿಲ್ಲವೆಂದು ನಾವು ಬೀಗುವುದು ಬೇಡ. ಹಾಗೆ ಮಾಡುವ ಅಧಿಕಾರ ಅವರ ಕೈಗೆ ಬರಲೇ ಇಲ್ಲ.

ಅವರು ಬೇರೆಯವರ ನೆಲವನ್ನು ಕಸಿಯಲಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಪ್ಲಿಮತ್ ಎದ್ದು ನಿಂತದ್ದು ಪಟಕ್ಸೆಟ್ ಎಂಬ ಹಳ್ಳಿಯ ಮೇಲೆ. ಅಲ್ಲಿಯ ವಾಂಪನೋಗ್ ಜನರನ್ನು 1616ರಿಂದ 1619ರವರೆಗಿನ ಸಾಂಕ್ರಾಮಿಕ ರೋಗ ಅಳಿಸಿ ಹಾಕಿತ್ತು. ಬಂದವರು ಮೊದಲ ವಾರಗಳಲ್ಲಿ ಕಂಡದ್ದು ನೆಲದಲ್ಲಿ ಹೂತಿಟ್ಟ ಮೆಕ್ಕೆಜೋಳ. ಅದನ್ನು ಅಗೆದು ಒಯ್ದು ಬೀಜಕ್ಕೆ ಇಟ್ಟುಕೊಂಡರು, ದೇವರು ಕೊಟ್ಟನೆಂದರು. ಆಮೇಲೆ ಒಡೆಯರಿಗೆ ಬೆಲೆ ಕೊಟ್ಟರೆಂದೂ ಬರೆದಿದೆ. ಆ ಬೀಜವನ್ನು ಮೀನಿನ ಗೊಬ್ಬರ ಹಾಕಿ ಬಿತ್ತುವುದನ್ನು ಕಲಿಸಿದವನು ಟಿಸ್ಕ್ವಾಂಟಮ್. ಅವನು ಆ ಹಳ್ಳಿಯವನೇ. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಹಿಡಿದೊಯ್ದು ಸ್ಪೇನಿನಲ್ಲಿ ಮಾರಿದ್ದ. ಹೇಗೋ ಲಂಡನ್ ಸೇರಿ ಇಂಗ್ಲಿಷ್ ಕಲಿತು ಊರಿಗೆ ಮರಳಿದಾಗ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ವಲಸೆಗಾರರ ಕಷ್ಟವನ್ನು ಹೇಳುವಾಗ ಈ ಒಬ್ಬನ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಲೆಕ್ಕ ತಪ್ಪುತ್ತದೆ. 1621ರಲ್ಲಿ ಅವರೊಡನೆ ಸ್ನೇಹದ ಕರಾರು ಮಾಡಿದ ಮಸಸೊಯಿಟ್ ನಾಯಕನ ಮಗ ಮೆಟಕಾಮ್, 1675ರಲ್ಲಿ ಅವರ ಮೇಲೆಯೇ ಯುದ್ಧಕ್ಕೆ ನಿಲ್ಲಬೇಕಾಯಿತು. ಮರುವರುಷ ಅವನನ್ನು ಕೊಂದು ತಲೆಯನ್ನು ಪ್ಲಿಮತ್ತಿನಲ್ಲಿ ಕಂಬಕ್ಕೇರಿಸಿ ಇಪ್ಪತ್ತು ವರುಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿಟ್ಟರು. ತಂದೆಯ ಕಾಲದ ಸ್ನೇಹ ಮಗನ ಕಾಲಕ್ಕೆ ಈ ಗತಿಗೆ ಬಂತು.

ಈಗ ಮಕ್ಕಳ ಚಿಂತೆಗೆ ಬರೋಣ. ಮ್ಯಾಸಚೂಸೆಟ್ಸಿನ ಪ್ಯೂರಿಟನ್ ಸಭೆಗೆ ಸೇರಬೇಕಾದರೆ ಹುಟ್ಟು ಸಾಲದು. ತನ್ನ ಅಂತರಂಗದಲ್ಲಿ ದೈವಕೃಪೆ ಹೇಗೆ ಇಳಿಯಿತೆಂಬುದನ್ನು ಸಭೆಯ ಮುಂದೆ ನಿಂತು ಹೇಳಿ ಒಪ್ಪಿಸಬೇಕು. ಹಿರಿಯರಿಗೆ ಆ ಅನುಭವವಿತ್ತು. ಸೆರೆ, ಕಡಲು, ಚಳಿ, ಸಾವು ಅದನ್ನು ಕೊಟ್ಟಿದ್ದವು. ಬೆಚ್ಚನೆಯ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಎಲ್ಲಿಂದ ಬರಬೇಕು? ಅವರು ಸುಳ್ಳು ಹೇಳಲು ಒಲ್ಲದೆ ಸಭೆಯ ಹೊರಗೆ ಉಳಿದರು. ಅವರಿಗೂ ಮಕ್ಕಳಾದವು. ಕೊನೆಗೆ 1662ರಲ್ಲಿ ಪಾದ್ರಿಗಳೆಲ್ಲ ಸೇರಿ ಒಂದು ಅರೆದಾರಿಯ ಒಡಂಬಡಿಕೆ ಮಾಡಿಕೊಂಡರು: ಅಂಥವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದು, ಪೂರ್ಣ ಸದಸ್ಯತ್ವ ಮಾತ್ರ ಇಲ್ಲ. ಆಯ್ಕೆಯಿಂದ ಕಟ್ಟಿದ ಮನೆಯ ಬಾಗಿಲು ಹುಟ್ಟಿನ ಕಡೆಗೆ ಅರ್ಧ ತೆರೆಯಿತು. ಇದಾಗಲು ಅವರಿಗೆ ನಲವತ್ತೆರಡು ವರುಷ ಹಿಡಿಯಿತು.

ನಮ್ಮಲ್ಲಿ ಎಷ್ಟು ವರುಷ ಹಿಡಿಯಿತೆಂದು ಲೆಕ್ಕ ಹಾಕಲು ದಾಖಲೆಗಳಿಲ್ಲ. ಫಲ ಮಾತ್ರ ಕಣ್ಣ ಮುಂದಿದೆ. ಹರಳಯ್ಯ ಸಮಗಾರ, ಕಕ್ಕಯ್ಯ ಡೋಹರ, ಮಾಚಯ್ಯ ಅಗಸ. ಲಿಂಗ ಕಟ್ಟಿದ ಮೇಲೆ ಹಿಂದಿನ ಕುಲವನ್ನು ಎತ್ತುವುದೇ ಅಪರಾಧ ಎಂಬುದು ಕಲ್ಯಾಣದ ನೇಮ. ಆ ನೇಮಕ್ಕಾಗಿ ಹರಳಯ್ಯ ಪ್ರಾಣ ಕೊಟ್ಟ. ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಸರಕಾರಿ ಪಟ್ಟಿಯನ್ನು ತೆಗೆದು ನೋಡಿರಿ. ಚಮ್ಮಾರ, ಸಮಗಾರ, ಮೋಚಿ ಮುಂತಾದ ಹೆಸರುಗಳ ಸಾಲಿನಲ್ಲಿ ‘ಹರಳಯ್ಯ’ ಎಂಬುದೊಂದು ಹೆಸರು. ಡೋರ್ ಎಂಬುದರ ಪಕ್ಕದಲ್ಲಿ ‘ಕಕ್ಕಯ್ಯ’ ಎಂಬುದೊಂದು ಹೆಸರು. ಜಾತಿಯನ್ನು ಬಿಟ್ಟವರ ಹೆಸರುಗಳೇ ಜಾತಿಗಳ ಹೆಸರುಗಳಾಗಿ ನಿಂತಿವೆ. ಇದರಲ್ಲಿ ಪಟ್ಟಿ ಮಾಡಿದವರ ತಪ್ಪೇನೂ ಇಲ್ಲ. ಊರಿನಲ್ಲಿ ಇದ್ದುದನ್ನು ಅವರು ಬರೆದುಕೊಂಡರು. ಆ ಜನರಾದರೂ ತಮ್ಮ ಶರಣನ ಹೆಸರನ್ನು ಅಭಿಮಾನದಿಂದ ಉಳಿಸಿಕೊಂಡವರು. ಅವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡವರು ನಾವು, ಲಿಂಗವಂತರ ಮನೆಗಳಲ್ಲಿ ಹುಟ್ಟಿದವರು.

ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಹಳ್ಳಿಗಳಿಂದ ಭಾರತ ಹುಣ್ಣಿವೆಗೆ ಉಳವಿಯ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಎತ್ತಿನ ಕೊರಳಿಗೆ ಗೆಜ್ಜೆಸರ, ಕೊಂಬಿಗೆ ಬಣ್ಣ, ಚಕ್ಕಡಿಯಲ್ಲಿ ರೊಟ್ಟಿಯ ಗಂಟು, ಶೇಂಗಾ ಹಿಂಡಿ. ದಾರಿಯುದ್ದಕ್ಕೂ ಶರಣರ ಪದ. ಹೊರಡುವ ಮೊದಲು ಮಿಣಿ, ಜತ್ತಿಗೆ, ಬಾರುಕೋಲು ಎಲ್ಲವನ್ನೂ ಊರಿನ ಸಮಗಾರನು ರಾತ್ರಿಯೆಲ್ಲ ಕೂತು ಹೊಸದು ಮಾಡಿ ಕೊಡುತ್ತಿದ್ದ; ಹರಳಯ್ಯನ ಕಥೆಯನ್ನು ಹಾಡುತ್ತ ಚಕ್ಕಡಿಗಳು ಅಗಸಿ ದಾಟುವಾಗ ಆತ ಅಗಸಿಯ ಪಕ್ಕದಲ್ಲಿ ನಿಂತು ಕೈಮುಗಿಯುತ್ತಿದ್ದ. ಅದು ಸಹಜವೆಂದೇ ನಮಗೆಲ್ಲ ಅನಿಸುತ್ತಿತ್ತು. ಇಂದಿಗೂ ಚಕ್ಕಡಿಗಳು ಹೋಗುತ್ತವೆ; ಟ್ರ್ಯಾಕ್ಟರುಗಳೂ ಹೋಗುತ್ತವೆ.

ಈ ಪ್ರಶ್ನೆಯನ್ನು ನಮ್ಮ ಮುಂದೆ ಎತ್ತಿ ಹಿಡಿದವರು ಹೊರಗಿನವರಲ್ಲ. ಓಡಿಹೋದವರೇ ಹೊತ್ತೊಯ್ದ ತಾಡೋಲೆಯ ಕಟ್ಟುಗಳು. ಬ್ರಾಡ್‌ಫರ್ಡನ ಇತಿಹಾಸದ ಹಸ್ತಪ್ರತಿಗೂ ಇಂಥದೇ ವಿಚಿತ್ರ ಪ್ರವಾಸವಾಯಿತು. ಬಾಸ್ಟನ್ನಿನ ಒಂದು ಚರ್ಚಿನ ಪುಸ್ತಕ ಭಂಡಾರದಲ್ಲಿದ್ದದ್ದು ಅಮೆರಿಕದ ಸ್ವಾತಂತ್ರ್ಯಯುದ್ಧದ ಗೊಂದಲದಲ್ಲಿ ಕಾಣೆಯಾಯಿತು. 1855ರಲ್ಲಿ ಅದು ಪತ್ತೆಯಾದದ್ದು ಲಂಡನ್ನಿನ ಬಿಷಪ್ಪನ ಅರಮನೆಯಲ್ಲಿ. ಯಾವ ಬಿಷಪ್ಪರ ಕಾಟಕ್ಕೆ ಆ ಜನ ದೇಶ ಬಿಟ್ಟಿದ್ದರೋ ಅಂಥವರ ಕಪಾಟಿನಲ್ಲಿ! 1856ರಲ್ಲಿ ಅಚ್ಚಾಯಿತು, 1897ರಲ್ಲಿ ಮೂಲಪ್ರತಿ ಮ್ಯಾಸಚೂಸೆಟ್ಸಿಗೆ ಮರಳಿತು. ನಮ್ಮ ವಚನಗಳನ್ನು 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿರಕ್ತರು ಕಲೆಹಾಕಿ, ಪ್ರತಿಮಾಡಿ, ಶೂನ್ಯಸಂಪಾದನೆಯಂಥ ಗ್ರಂಥಗಳಲ್ಲಿ ಜೋಡಿಸಿ ಉಳಿಸಿದರು. ಆಮೇಲೆ ಆ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಕೈಯ ದುಡ್ಡು ಕಳೆದುಕೊಂಡು, ಅವನ್ನು ಬಿಚ್ಚಿಸಿ ನಕಲು ಮಾಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದದ್ದು 1993ರಲ್ಲಿ. ಅದರ ಪ್ರಧಾನ ಸಂಪಾದಕರಾಗಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು.

ಕಟ್ಟುಗಳೆಲ್ಲ ಬಿಚ್ಚಿ ಮುಗಿದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆಯ ಮನೆಗಳ ದೇವರ ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಓಲೆಗಳನ್ನು ನಾನೇ ಕಂಡಿದ್ದೇನೆ. ಅಮಾವಾಸ್ಯೆಗೊಮ್ಮೆ ಅವಕ್ಕೆ ಹೂವೇರಿಸುತ್ತಾರೆ. ಒಳಗೇನಿದೆಯೆಂದು ಕೇಳಿದರೆ ಅಜ್ಜನ ಕಾಲದ್ದು ಎನ್ನುತ್ತಾರೆ. ಅಂಥ ಕಟ್ಟು ನಿಮ್ಮ ಮನೆಯಲ್ಲಿದ್ದರೆ ಎಣ್ಣೆ, ಕುಂಕುಮ ಮುಟ್ಟಿಸಬೇಡಿರಿ, ಬಿಸಿಲಿಗೆ ಒಣಹಾಕಬೇಡಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದವರಿಗೆ ಒಂದು ಕಾಗದ ಬರೆಯಿರಿ. ನೋಡಿ ಓದಬಲ್ಲವರು ಅಲ್ಲಿದ್ದಾರೆ.